ಮಾವನ ಬೆನ್ನಿನ ಮೇಲಿನ ಪಾಠ

ನನ್ನ ನಾದಿನಿ ವಿಜಯಕುಮಾರಿಗೆ ವ್ಯಾಯಾಮ ಶಿಕ್ಷಣದ ಡಿಗ್ರಿಗೆ ಸೀಟು ಸಿಕ್ಕಿದ್ದು ಓಟದಿಂದ, ಉದ್ದ ಜಿಗಿತದಿಂದ. ಅಲ್ಲಿ ಉಳಿಯಲು ಮಾತ್ರ ಓದಬೇಕು. ದೇಹರಚನೆಯ ಪರೀಕ್ಷೆಯಲ್ಲಿ ಹೋದ ವರ್ಷ, ಅಂದರೆ 1985ರಲ್ಲಿ, ಫೇಲಾಗಿದ್ದಳು. ಈ ಸಲ ಐವತ್ತು ಬರದಿದ್ದರೆ ಹೆಸರು ತೆಗೆಯುತ್ತೇವೆ ಎಂದಿದ್ದರು ಕಾಲೇಜಿನವರು. ಪುಸ್ತಕ ಇಂಗ್ಲಿಷಿನದು, ತಮಿಳು ಸೀಮೆಯ ನಮ್ಮ ಕಾರಮಡೈಯಲ್ಲಿ ಇವಳು ಶಾಲೆ ಕಲಿತದ್ದು ತಮಿಳಿನಲ್ಲಿ.

ಒಂದು ಬೆಳಿಗ್ಗೆ ನಾನು ಮಗುವಿಗೆ ಹಾಲು ಕುಡಿಸುತ್ತಾ ಕೂತಿದ್ದೆ. ಮಾವ ಅಂಗಿಯಿಲ್ಲದೆ ಮಗ್ಗದಲ್ಲಿ ಕೂತು ಸೀರೆ ನೇಯುತ್ತಿದ್ದರು. ಲಾಳಿಯ ಹಗ್ಗ ಎಳೆದಾಗ ತೋಳು, ಹಲಗೆ ಬಡಿದಾಗ ಬೆನ್ನು, ಒಂದೊಂದು ಸ್ನಾಯುವೂ ಎದ್ದು ಕಾಣುತ್ತಿತ್ತು. ವಿಜಯ ಸೀಮೆಸುಣ್ಣ ತಂದು ಅವುಗಳ ಮೇಲೆ ಪುಸ್ತಕದಲ್ಲಿನ ಹೆಸರು ಬರೆಯತೊಡಗಿದಳು.

"ಅಪ್ಪಾ, ಅಲ್ಲಾಡಬೇಡ."

"ಅಲ್ಲಾಡದೆ ನೇಯೋದು ಹೇಗಮ್ಮ?"

ಆಮೇಲೆ ದಿನವೂ ಇದೇ. ಒಮ್ಮೆ ಮಾವ ಮರೆತು ಹಾಗೆಯೇ ಟೀ ಅಂಗಡಿಗೆ ಹೋದರು. "ಏನು ಚೆನ್ನಿಯಪ್ಪಾ, ವಿಳಾಸ ಬರೆದು ನಿನ್ನನ್ನ ಪೋಸ್ಟ್‌ಗೆ ಹಾಕ್ತಾರಾ?" ಎಂದು ಅಲ್ಲಿದ್ದವರು ನಕ್ಕರಂತೆ. "ನನ್ನ ಮಗಳು ಓದ್ತಾ ಇದ್ದಾಳೆ" ಅಂದರಂತೆ ಮಾವ.

ಇಂದು ಕಾಲೇಜಿನಲ್ಲಿ ಫಲಿತಾಂಶ ನೋಡಿಕೊಂಡು, ಗಾಂಧಿಪುರಂನಿಂದ ಬರುವ ಬಸ್ಸಿಳಿದು ವಿಜಯ ಮನೆವರೆಗೂ ಓಡಿ ಬಂದಳು. "ಅತ್ತಿಗೆ, ಎಪ್ಪತ್ತೆರಡು. ಕ್ಲಾಸಿಗೇ ನಾನು ಮೊದಲು." ಪರೀಕ್ಷೆಯಲ್ಲಿ, ಹಗ್ಗ ಜಗ್ಗುವಾಗ ಬೆನ್ನಿನಲ್ಲಿ ಏನೇನು ದುಡಿಯುತ್ತದೆ ಎಂದು ಕೇಳಿದ್ದರಂತೆ. ಇವಳು ಅಪ್ಪನ ಬೆನ್ನನ್ನು ನೆನೆದು ಎಲ್ಲಾ ಹೇಳಿದಳಂತೆ.

ಹಬ್ಬಕ್ಕಲ್ಲದೆ ಹಗಲಲ್ಲಿ ಮಗ್ಗ ನಿಲ್ಲಿಸದ ಮಾವ ಎದ್ದು, ಪಾಯಸಕ್ಕೆ ಸಕ್ಕರೆ ತರಲು ಹೊರಟರು. ಅಂಗಡಿ ನಾಲ್ಕೇ ಮನೆಯಾಚೆ. ಬರುವುದಕ್ಕೆ ಒಂದು ಗಂಟೆಯಾಯಿತು. ಕಾರಮಡೈಯ ನಮ್ಮ ಬೀದಿಯಲ್ಲಿ ಈಗ ಎಪ್ಪತ್ತೆರಡು ಗೊತ್ತಿಲ್ಲದ ಮನೆಯೇ ಇಲ್ಲ.