ಗುಡುಗು ಇಳಿಸಿದ ಕಾರು

ಆ ಬೀದಿಯಲ್ಲಿ ಬೆಳಿಗ್ಗೆ ಏಳುವುದಕ್ಕೆ ಯಾರೂ ಗಡಿಯಾರ ನಂಬಿಕೊಂಡಿರಲಿಲ್ಲ. ಮೂಲೆಮನೆಯ ಲೇತಿನವನು ಕಾರಿನ ಕೀಲಿ ತಿರುಗಿಸಿದರೆ ಸಾಕು, ಕಿಟಕಿಯ ಗಾಜು ನಡುಗುತ್ತಿತ್ತು, ಕಪಾಟಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು, ತೊಟ್ಟಿಲ ಕೂಸಿನಿಂದ ಹಿಡಿದು ಕಿವಿ ಮಂದವಾದ ಮುದುಕರವರೆಗೆ ಎಲ್ಲರೂ ಎದ್ದು ಕೂರುತ್ತಿದ್ದರು. ಬೈಯುವವರು ಬೈಯುತ್ತಿದ್ದರು, ಒಲೆ ಹಚ್ಚುವವರು ಹಚ್ಚುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬೀದಿಗೆ ಮರೆತೇ ಹೋಗಿ, ಹಿರಿಯರು ಕಿರಿಯರೆನ್ನದೆ ಎಲ್ಲರ ಬಾಯಲ್ಲೂ ಅವನು ಗುಡುಗಣ್ಣ.

ಹಾಗೆಂದು ಮಾತಿನಲ್ಲಿ ಗುಡುಗುವ ಜಾತಿಯವನಲ್ಲ. ಎರಡು ಮಾತು ಬೇಕಾದ ಕಡೆ ಒಂದರಲ್ಲಿ ಮುಗಿಸುವ ಆಸಾಮಿ. ಮೀಸೆ ಚಿಗುರುವ ಮೊದಲೇ ಯಜಮಾನರ ಲೇತ್ ಶೆಡ್ಡಿಗೆ ಸೇರಿದವನಿಗೆ ಈಗ ಕಿವಿಯ ಪಕ್ಕ ನರೆ. ಬೆಳಗಿನಿಂದ ಸಂಜೆಯವರೆಗೆ ಯಾರದೋ ಪಂಪಿನ ಶಾಫ್ಟು, ಯಾರದೋ ಗಿರಣಿಯ ಬುಷ್ಷು ಕಡೆದು ಕೊಡುವುದೇ ಕೆಲಸ. ಊರಿನ ಅರ್ಧಕ್ಕರ್ಧ ಯಂತ್ರಗಳು ಅವನ ಕೈಯಲ್ಲಿ ಮರುಜನ್ಮ ಪಡೆದಿದ್ದವು. ಅವುಗಳಲ್ಲಿ ಒಂದಾದರೂ ಅವನದಾಗಿರಲಿಲ್ಲ. ಆ ಕಾರೊಂದೇ ಅವನದು. ಅದಕ್ಕೇ ಕೈಯಲ್ಲಿದ್ದ ವಿದ್ಯೆ, ಜೇಬಿನಲ್ಲಿದ್ದ ಕಾಸು, ಎರಡನ್ನೂ ಅದರೊಳಗೆ ಸುರಿದ. ಎಂಜಿನ್ನಿಗೆ ಗಾಳಿ ತುರುಕುವ ದೊಡ್ಡ ಟರ್ಬೊ ಕೂರಿಸಿದ. ಲೋಟದ ಬಾಯಿಯಷ್ಟು ಅಗಲದ ಸೈಲೆನ್ಸರ್ ಹಾಕಿದ. ನೆಲ ಮುಟ್ಟುವಂಥ ಸ್ಪ್ರಿಂಗು, ಅಗಲ ಚಕ್ರ, ಹಗುರಾದ ಫೈಬರ್ ಬಾನೆಟ್, ಮುಂದೆ ಎರಡು ಹೆಗಲಿಗೂ ಬೆಲ್ಟು ಬಿಗಿಯುವ ರೇಸಿನ ಸೀಟುಗಳು ಬಂದವು. ಕೊನೆಗೆ, ಭಾರ ಕಡಿಮೆಯಾಗಲಿ ಎಂದು ಹಿಂದಿನ ಸೀಟನ್ನೇ ಕಿತ್ತು ಹಾಕಿದ.

"ಎಲ್ಲಾ ಬಿಟ್ಟು ತಾಯಿ ಕೂರೋ ಜಾಗಾನೇ ಭಾರ ಆಯ್ತೇನೋ ನಿನಗೆ?" ಎಂದಿದ್ದಳು ಅವನ ಅಮ್ಮ.

ಊರಾಚೆ, ಹಿಂದೆ ವಿಮಾನ ಇಳಿಯುತ್ತಿದ್ದ ಪಾಳುಬಿದ್ದ ಓಡುದಾರಿಯಲ್ಲಿ ಒಂದು ಸಲ ಪಂದ್ಯ ನಡೆದಾಗ ಅವನ ಕಾರು ಮೂರನೆಯದಾಗಿ ಬಂದು ಒಂದು ಬಟ್ಟಲನ್ನೂ ಗೆದ್ದುಕೊಂಡಿತು. ಆ ಬಟ್ಟಲಲ್ಲಿ ಈಗ ಹೆಂಡತಿಯ ದಾರದ ಉಂಡೆಗಳಿವೆ.

ಹೆಂಡತಿ ಹಳೇ ಬಟ್ಟೆ ಬಿಗಿ ಮಾಡುವ, ಸಡಿಲ ಮಾಡುವ ಟೈಲರು. ಕಾರಿನಿಂದ ಮೊದಲ ಸಾಮಾನು ಬಿಚ್ಚಿದ ದಿನವೇ ಅವಳು ಹೇಳಿದ್ದಳು. "ರೀ, ಹಳೇದನ್ನ ಗುಜರಿಗೆ ಹಾಕ್ಬೇಡಿ. ನಾನು ಯಾರ ಬಟ್ಟೆ ಬಿಗಿ ಮಾಡಿದ್ರೂ ಒಳಗಡೆ ಎರಡು ಬೆರಳು ಬಟ್ಟೆ ಬಿಟ್ಟೇ ಹೊಲಿಯೋದು. ಮನುಷ್ಯ ಇವತ್ತು ಸಣ್ಣ, ನಾಳೆ ದಪ್ಪ."

ಅವನು ಗುಜರಿಗೆ ಹಾಕಲಿಲ್ಲ. ಆದರೆ ಇರುವುದು ಇಲಿಬಿಲದಂಥ ಮನೆ, ಅದರಲ್ಲಿ ಅರ್ಧ ಕಾರನ್ನು ಸುಮ್ಮನೆ ಇಟ್ಟುಕೊಳ್ಳುವುದು ಹೇಗೆ? ಕೂತು ಉಣ್ಣುವವರಿಗೆ ಆ ಮನೆಯಲ್ಲಿ ಜಾಗವಿರಲಿಲ್ಲ. ಒಂದೊಂದು ಸಾಮಾನಿಗೂ ಒಂದೊಂದು ಕೆಲಸ ಸಿಕ್ಕಿತು. ಕೆಲಸ ಸಿಕ್ಕಿದ ಮೇಲೆ ಅವು ಕಾರಿನ ಸಾಮಾನು ಎನ್ನುವುದೇ ಎಲ್ಲರಿಗೂ ಮರೆತು ಹೋಯಿತು.

ಹೀಗಿರುವಾಗ ಯಜಮಾನರು ಒಂದು ದಿನ ಲೇತ್ ನಿಲ್ಲಿಸಿ ಅವನನ್ನು ಹತ್ತಿರ ಕರೆದರು.

"ನನಗಿನ್ನು ನಿಂತು ಕೆಲಸ ಮಾಡೋಕೆ ಮಂಡಿ ಬಿಡಲ್ಲ ಕಣೋ. ಮಗಳ ಮನೆಗೆ ಹೋಗಿಬಿಡ್ತೀನಿ. ಶೆಡ್ಡು ನಿನಗೇ ಕೊಡ್ಬೇಕು ಅಂತ ಆಸೆ. ಆದ್ರೆ ಬರಿಗೈಲಿ ಹೋದ್ರೆ ಅಳಿಯನ ಮುಂದೆ ಮುಖ ಎತ್ತೋಕಾಗಲ್ಲ. ಮುಂಗಡ ಅಂತ ಒಂದು ಗಟ್ಟಿ ಗಂಟು ತಂದುಕೊಡು, ಉಳಿದದ್ದು ದುಡಿದು ತೀರಿಸು."

"ಇಲ್ದಿದ್ರೆ, ಯಜಮಾನ್ರೆ?"

"ಟೈರಿನವನು ಗೋದಾಮು ಮಾಡ್ತೀನಿ ಅಂತ ಬಾಗಿಲಲ್ಲೇ ನಿಂತಿದ್ದಾನೆ. ಲೇತು ಗುಜರಿಗೆ ಹೋಗುತ್ತೆ."

ಗುಡುಗಣ್ಣ ಲೇತನ್ನು ನೋಡಿದ. ಅದರ ಹಿಡಿಕೆ ಅವನ ಅಂಗೈಗೆ ತಕ್ಕಂತೆ ಸವೆದಿತ್ತು. ಮಾರುವಂಥದ್ದು ಅಂತ ಅವನ ಬಳಿ ಇದ್ದದ್ದು ಕಾರೊಂದೇ. ಹಾಕಿದ ದುಡ್ಡಿನಲ್ಲಿ ಅರ್ಧ ಬಂದರೂ ಮುಂಗಡ ಮುಟ್ಟುತ್ತದೆ, ಬರದೆ ಎಲ್ಲಿಗೆ ಹೋಗುತ್ತದೆ ಎಂದುಕೊಂಡ.

ಎಲ್ಲಿಗೆ ಹೋಗುತ್ತದೆ ಎನ್ನುವುದು ಹಳೇ ಕಾರಿನ ವ್ಯಾಪಾರಿಯ ಅಂಗಳದಲ್ಲಿ ತಿಳಿಯಿತು. ವ್ಯಾಪಾರಿ ಕಾರನ್ನು ಒಂದು ಸುತ್ತು ಬಂದು, ಬಗ್ಗಿ ನೋಡಿ, ಎದ್ದು ನಿಂತು ಹೇಳಿದ ಬೆಲೆ ಕೇಳಿ ಗುಡುಗಣ್ಣ ಒಂದು ಹೆಜ್ಜೆ ಮುಂದೆ ಬಂದ.

"ಏನಣ್ಣಾ ಇದು, ಏನೂ ಮಾಡಿಸದ ಗಾಡಿಗಿಂತ ಕಮ್ಮಿ ಹೇಳ್ತಿದ್ದೀಯಲ್ಲ! ಇಷ್ಟೆಲ್ಲ ಹಾಕಿದ್ದೀನಿ."

"ಹಾಕಿದ್ದೇ ತಪ್ಪಾಗಿರೋದು. ಮೂಗಿಗಿಂತ ಮೂಗುತಿ ಭಾರ ಆಗಿದೆ. ಮೂಗು ಬೇಕಾದೋನಿಗೆ ಈ ಮೂಗುತಿ ಬೇಡ, ಮೂಗುತಿ ಬೇಕಾದೋನಿಗೆ ಈ ಮೂಗು ಬೇಡ. ನಾನು ಯಾರಿಗೆ ಮಾರ್ಲಿ?"

ಆಮೇಲೆ ಮನೆ ಬಾಗಿಲಿಗೆ ಬಂದವರೂ ಅಷ್ಟೇ. ಕೆಲವು ಪಡ್ಡೆಗಳು ಬಂದು, "ಒಂದ್ಸಲ ಸೌಂಡ್ ಕೊಡಿ ಅಣ್ಣಾ" ಎಂದು ಎಂಜಿನ್ ಕೂಗಿಸಿ, ಫೋಟೊ ಹೊಡೆದುಕೊಂಡು, ಬೆಲೆ ಕೇಳದೆ ಹೋದರು. ಯಜಮಾನರು ಪೆಟ್ಟಿಗೆ ಕಟ್ಟಲು ಶುರು ಮಾಡಿದ್ದರು. ಗುಡುಗಣ್ಣನಿಗೆ ತಿಂದ ಅನ್ನ ಮೈಗೆ ಹತ್ತುತ್ತಿರಲಿಲ್ಲ.

ಒಂದು ಬೆಳಿಗ್ಗೆ ಔಷಧಿ ಅಂಗಡಿಯವರು ಬಂದರು. ಒಳ್ಳೆಯ ಮನುಷ್ಯ. ಸೀನುವಾಗಲೂ ಪಕ್ಕದವರ ಅನುಮತಿ ಕೇಳುವಂಥವರು. ಕಾರು ನೋಡಿ, ಒಳಗೆ ಬಂದು, ನಡುಮನೆಯಲ್ಲಿ ಕಾಲು ಚಾಚಿ ಕೂತು ಚಹಾ ಕುಡಿಯುತ್ತಾ ಹೇಳಿದರು.

"ಗಾಡಿ ಗಟ್ಟಿಯಾಗಿದೆ ಗುಡುಗಣ್ಣ, ನೀವು ನೋಡ್ಕೊಂಡಿರೋದು ಗೊತ್ತಾಗುತ್ತೆ. ಆದ್ರೆ ನನಗೆ ಬೇಕಾಗಿರೋದು ನಮ್ಮ ಮಾವನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿಬರೋಕೆ. ಹಿಂದಿನ ಸೀಟೇ ಇಲ್ಲ! ಮಾವನ್ನ ಡಿಕ್ಕಿಯಲ್ಲಿ ಕೂರಿಸ್ಲಾ?"

ಮೂಲೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದ ಹೆಂಡತಿಯ ಕಾಲು ಗಕ್ಕನೆ ನಿಂತಿತು.

"ಅಣ್ಣಾ," ಎಂದಳು ಔಷಧಿ ಅಂಗಡಿಯವರಿಗೆ, "ನೀವೀಗ ಕೂತಿರೋದು ಯಾವುದರ ಮೇಲೆ ಅಂದ್ಕೊಂಡ್ರಿ?"

ಅವರು ಬಗ್ಗಿ ನೋಡಿದರು. ಮರದ ಚೌಕಟ್ಟಿನ ಮೇಲೆ, ಅಂಚಿಗೆ ಹೂವಿನ ಬಟ್ಟೆ ಹೊಲಿದು ಕೂರಿಸಿದ್ದ ಉದ್ದನೆಯ ಮೆತ್ತೆ. ಬಟ್ಟೆ ಎತ್ತಿದರೆ ಕಾರಿನ ಬೆಲ್ಟಿನ ಕೊಂಡಿ ಇಣುಕಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ಗುಡುಗಣ್ಣನ ಪಾಡು.

"ಹಾಗಾದ್ರೆ ಉಳಿದದ್ದು?" ಎಂದರು ಅವರು ನಗುತ್ತಾ.

"ಎಲ್ಲಾ ಇದೆ," ಎಂದಳು ಹೆಂಡತಿ. "ಎಲ್ಲಿದೆ ಅಂತ ಹುಡುಕ್ಬೇಕು ಅಷ್ಟೇ."

"ಹುಡುಕಿ, ಮೊದಲಿದ್ದ ಹಾಗೆ ಮಾಡಿ. ನಾನು ನಮ್ಮ ಮೆಕ್ಯಾನಿಕ್ ಕರ್ಕೊಂಡು ಬರ್ತೀನಿ."

ಅವರು ಅತ್ತ ಹೋದದ್ದೇ ತಡ, ಇತ್ತ ಮನೆ ಬಿಚ್ಚುವ ಕೆಲಸ ಶುರುವಾಯಿತು. ಜಗಲಿಯ ಮೇಲೆ ಹೆಂಡತಿಯ ಗಿರಾಕಿಗಳು ಕಾಯುತ್ತಾ ಕೂರುತ್ತಿದ್ದ ಜೋಡಿ ಕುರ್ಚಿಗಳು ಮುಂದಿನ ಸೀಟುಗಳಾದವು. ಹಿತ್ತಿಲಲ್ಲಿ ಬಟ್ಟೆ ಒಣಹಾಕುವ ಹಗ್ಗ ಹಿಡಿದಿದ್ದ ಕಂಬ ಹಳೇ ಸೈಲೆನ್ಸರ್ ಆಗಿ ಕೆಳಗಿಳಿಯಿತು, ಒದ್ದೆ ಬಟ್ಟೆಗಳೆಲ್ಲ ಬೇಲಿಗೆ ಹೋದವು. ಹೂಕುಂಡಗಳ ಕೆಳಗಿಂದ ಸ್ಪ್ರಿಂಗುಗಳು ಎದ್ದು ಬಂದವು. ಹಳೇ ಟರ್ಬೊ ಎಣ್ಣೆ ಬಟ್ಟೆ ಸುತ್ತಿಕೊಂಡು ಮಂಚದ ಕೆಳಗೆ ಬಾಣಂತಿಯ ಹಾಗೆ ಬೆಚ್ಚಗೆ ಮಲಗಿತ್ತು. ಬಾನೆಟ್ ಪಕ್ಕದ ಮನೆಯವರ ಕೋಳಿಗೂಡಿನ ಮಾಡಾಗಿತ್ತು. ಕೋಳಿಗಳಿಗೆ ತಗಡಿನ ಹೊಸ ಮಾಡು ಹೊದಿಸಿಕೊಟ್ಟು ಅದನ್ನು ಬಿಡಿಸಿಕೊಂಡ. ಚಕ್ರಗಳು ತರಕಾರಿಯವನ ತಳ್ಳುಗಾಡಿಗೆ ಸೇರಿದ್ದವು.

"ತಗೊಂಡು ಹೋಗು ಮಾರಾಯ," ಎಂದ ತರಕಾರಿಯವನು. "ಈ ಚಕ್ರ ಹಾಕಿದ್ಮೇಲೆ ಇಳಿಜಾರಲ್ಲಿ ಗಾಡಿ ನನಗಿಂತ ಮುಂಚೆ ಹೋಗಿ ವ್ಯಾಪಾರ ಮಾಡುತ್ತೆ."

ಕಷ್ಟವಾದದ್ದು ಹಿಂದಿನ ಸೀಟು. ಅದು ಅಮ್ಮನ ಸಿಂಹಾಸನ. ಊಟ, ನಿದ್ದೆ, ಬೈಗುಳ, ಮೂರಕ್ಕೂ ಅದೇ.

"ಅಂದು ಕಾರಿಂದ ಎಬ್ಬಿಸ್ದೆ, ಇಂದು ಮನೇಲೂ ಎಬ್ಬಿಸ್ತೀಯಾ?" ಎಂದು ಅವಳು ಸೀಟಿನ ಎರಡೂ ಅಂಚು ಹಿಡಿದುಕೊಂಡು ಕೂತಳು. "ನನಗೆ ಬದಲಿ ಏನು? ಅದನ್ನ ಹೇಳು ಮೊದಲು."

"ಅತ್ತೆ, ಇದರಲ್ಲಿ ಒಂಚೂರು ಕೂತು ನೋಡಿ," ಎಂದು ಸೊಸೆ ಕಾರಿನಿಂದ ಬಿಚ್ಚಿದ ರೇಸಿನ ಸೀಟೊಂದನ್ನು ತಂದಿಟ್ಟಳು. ಅಮ್ಮ ಮೂಗು ಮುರಿಯುತ್ತಲೇ ಕೂತಳು. ಎರಡು ಬದಿಯ ರೆಕ್ಕೆಗಳು ಅವಳ ನೋವಿನ ಸೊಂಟವನ್ನು ಗಟ್ಟಿಯಾಗಿ ಆತುಕೊಂಡವು. ಮುಖದ ಗಂಟು ಮೆಲ್ಲಗೆ ಸಡಿಲಾಯಿತು.

"ಇಂಥದ್ದನ್ನ ಇಷ್ಟು ದಿನ ನೀನೊಬ್ಬನೇ ಅನುಭವಿಸ್ತಿದ್ದೆಯಾ, ಕಳ್ಳ?"

ಸೀಟು ಬಿಡುಗಡೆಯಾಯಿತು. ಉಳಿದದ್ದು ಒಂದು. ಎಂಜಿನ್ನಿಗೆ ಎಷ್ಟು ಪೆಟ್ರೋಲು, ಯಾವಾಗ ಕಿಡಿ ಎಂದು ಅಪ್ಪಣೆ ಕೊಡುವ ಅಂಗೈಯಗಲದ ಪೆಟ್ಟಿಗೆ, ಕಾರಿನ ಮಿದುಳು. ಈಗ ಕಾರಿನಲ್ಲಿದ್ದದ್ದು ದೊಡ್ಡ ಟರ್ಬೊಗೆ ತಕ್ಕಂತೆ ಪಳಗಿಸಿದ ಬೇರೆ ಪೆಟ್ಟಿಗೆ. ಹಳೆಯ ಪೆಟ್ಟಿಗೆಯಿಲ್ಲದೆ ಹಳೆಯ ಎಂಜಿನ್ ಸರಿಯಾಗಿ ನಡೆಯದು. ಎಲ್ಲಕ್ಕಿಂತ ಜೋಪಾನವಾಗಿ ಗುಡುಗಣ್ಣ ಇಟ್ಟದ್ದು ಅದನ್ನೇ. ಎಷ್ಟು ಜೋಪಾನವೆಂದರೆ ಎಲ್ಲಿಟ್ಟೆನೆಂದು ಅವನಿಗೇ ಗೊತ್ತಿರಲಿಲ್ಲ. ಅಟ್ಟ ಜಾಲಾಡಿದ, ಅಕ್ಕಿ ಡಬ್ಬಿಗೆ ಕೈ ಹಾಕಿದ.

"ಮಿದುಳು ಕಳ್ಕೊಂಡಿರೋದು ಕಾರೋ, ನೀನೋ?" ಎಂದಳು ಅಮ್ಮ ಹೊಸ ಸಿಂಹಾಸನದಿಂದ.

ಮಾರನೆಯ ದಿನ ಶೆಡ್ಡಿನಲ್ಲಿ ಕೆಲಸಕ್ಕೆ ನಿಂತರೆ ಕೈ ಓಡಲಿಲ್ಲ. ಟೈರಿನವನು ಟೇಪು ಹಿಡಿದು ಗೋಡೆ ಅಳೆಯುತ್ತಿದ್ದ. ಅವನನ್ನು ನೋಡಲಾರದೆ ಗುಡುಗಣ್ಣ ಮುಖ ತಿರುಗಿಸಿದ. ಎದುರಿನ ಹಲಗೆಯ ಮೇಲೆ ಯಜಮಾನರ ರೇಡಿಯೊ ತನ್ನಷ್ಟಕ್ಕೆ ಹಾಡುತ್ತಿತ್ತು. ಲೇತ್ ಓಡುವಾಗ ಹಲಗೆ ನಡುಗಿ ರೇಡಿಯೊ ಜಾರುತ್ತದೆಂದು ಯಾವ ಕಾಲದಲ್ಲೋ ಅವನೇ ಅದರ ಕೆಳಗೆ ಏನನ್ನೋ ಒತ್ತು ಕೊಟ್ಟಿದ್ದ. ಹೋಗಿ ರೇಡಿಯೊ ಎತ್ತಿದ.

"ಚೆನ್ನಾಗಿ ಹಾಡ್ತಾ ಇದೆಯಲ್ಲೋ, ಯಾಕೆ ಅದಕ್ಕೆ ಕೈ ಹಾಕ್ತೀಯ?" ಎಂದರು ಯಜಮಾನರು.

"ಇದರ ಕೆಳಗಡೆ ನನ್ನ ಕಾರಿನ ಮಿದುಳಿದೆ, ಯಜಮಾನ್ರೆ."

ಯಜಮಾನರು ಕನ್ನಡಕ ಏರಿಸಿ ಪೆಟ್ಟಿಗೆಯನ್ನು ನೋಡಿದರು. "ಅಂದ್ರೆ ಇಷ್ಟು ವರ್ಷ ಮಿದುಳಿಲ್ದೇ ಓಡಿಸ್ತಿದ್ದೆ. ಅದಕ್ಕೇ ಹಾಗೆ ಅರಚ್ತಿತ್ತು." ಆಮೇಲೆ ಟೈರಿನವನ ಕಡೆ ತಿರುಗಿ, "ಇನ್ನೊಂದೆರಡು ದಿನ ತಡಿಯಪ್ಪಾ, ಅಳೆದ ಗೋಡೆ ಎಲ್ಲೂ ಓಡಿಹೋಗಲ್ಲ," ಎಂದರು. ರಜೆಯ ದಿನ ಶೆಡ್ಡಿನ ಬಾಗಿಲು ತೆರೆದು ಕೊಟ್ಟವರೂ ಅವರೇ. ಗುಡುಗಣ್ಣ ಕಾರನ್ನು ಅಲ್ಲಿಗೇ ತಂದು ಹಾಕಿದ್ದನ್ನೆಲ್ಲ ಬಿಚ್ಚಿ, ಬಿಚ್ಚಿದ್ದನ್ನೆಲ್ಲ ಹಾಕಿದ.

ಬಿಚ್ಚಿದ ಸಾಮಾನನ್ನು ಉಜ್ಜಿ ತೊಳೆದು ಶೆಡ್ಡಿನ ಮುಂದೆ ಸಾಲಾಗಿ ಇಟ್ಟದ್ದೇ ಸಮ, ಇರುವೆಗೆ ಬೆಲ್ಲದ ಸುದ್ದಿ ಮುಟ್ಟಿದ ಹಾಗೆ ಜನ ಬಂದರು. ಇಡೀ ಕಾರಿಗೆ ಮೂಗು ಮುರಿದವರು ಬಿಡಿ ಸಾಮಾನಿಗೆ ಕೈ ಚಾಚಿದರು. ಟರ್ಬೊ ಒಬ್ಬನಿಗೆ, ಚಕ್ರ ಇನ್ನೊಬ್ಬನಿಗೆ, ಸೌಂಡ್ ಕೇಳಿ ಫೋಟೊ ಹೊಡೆದುಕೊಂಡು ಹೋಗಿದ್ದ ಪಡ್ಡೆಗಳು ಸೈಲೆನ್ಸರ್‌ಗಾಗಿ ತಮ್ಮತಮ್ಮಲ್ಲೇ ಜಗಳವಾಡಿದರು. ಹಾಕಿದ್ದೆಲ್ಲ ಬಂತೇ ಎಂದರೆ ಇಲ್ಲ. ಉಂಡ ಊಟದ ದುಡ್ಡನ್ನು ಯಾರು ವಾಪಸು ಕೊಡುತ್ತಾರೆ? ಆದರೆ ಮುಂಗಡದ ಗಂಟಿನಲ್ಲಿ ಅರ್ಧ ತುಂಬಿತು. ಇನ್ನರ್ಧ ಕಾರಿನ ಮೇಲೆ ನಿಂತಿತ್ತು.

ಔಷಧಿ ಅಂಗಡಿಯವರು ಮೆಕ್ಯಾನಿಕ್‌ನನ್ನೂ ಮಾವನನ್ನೂ ಕರೆದುಕೊಂಡು ಶೆಡ್ಡಿಗೇ ಬಂದರು. ಗುಡುಗಣ್ಣ ಅಂದು ಜೀವಮಾನದಲ್ಲೇ ಹೆಚ್ಚು ಮಾತಾಡಿದ. ಏನು ಹಾಕಿದ್ದೆ, ಏನು ಬಿಚ್ಚಿದೆ, ಎಲ್ಲಿ ಓಡಿಸಿದೆ, ಎಲ್ಲವನ್ನೂ ಹೇಳಿದ. "ಹದವಾಗಿ ಬಳಸಿದ್ದೀನಿ, ಆದ್ರೆ ಓಡಿಸಿದ್ದೀನಿ. ಮುಚ್ಚಿಡಲ್ಲ." ಮೆಕ್ಯಾನಿಕ್ ಎಂಜಿನ್ನಿನ ಒತ್ತಡ ಅಳೆದು, ಎಣ್ಣೆ ಮೂಸಿ, ಕೆಳಗೆ ನುಸುಳಿ ಹೊರಬಂದು ಆಗಬಹುದು ಎಂದು ತಲೆಯಾಡಿಸಿದ. ಮಾವ ಹಿಂದೆ ಕೂತು ಬೆನ್ನು ಆನಿಸಿದರು.

"ಸೀಟು ಮಾತ್ರ ಎಷ್ಟು ಚೆನ್ನಾಗಿ ಹದ ಬಿದ್ದಿದೆ!"

"ಬೀಳ್ದೆ ಏನು?" ಎಂದಳು ಸೀಟಿನ ಹಿಂದೆಯೇ ಶೆಡ್ಡಿಗೆ ಬಂದು ಬಾಗಿಲಲ್ಲಿ ನಿಂತಿದ್ದ ಅಮ್ಮ. "ಹದ ಮಾಡಿರೋಳು ನಾನು."

"ಎಲ್ಲಿ, ಶುರು ಮಾಡಿ ನೋಡೋಣ," ಎಂದರು ಔಷಧಿ ಅಂಗಡಿಯವರು.

ಗುಡುಗಣ್ಣ ಕೂತು, ಹಳೆಯ ಸಾಮಾನು ಹಾಕಿದ ಮೇಲೆ ಮೊದಲ ಸಲ ಕೀಲಿ ತಿರುಗಿಸಿದ. ಕಿವಿ ಗುಡುಗಿಗೆ ಕಾಯಿತು. ಗುಡುಗು ಬರಲಿಲ್ಲ. ಮಿದುಳು ಕೆಟ್ಟಿದೆ, ಶೆಡ್ಡು ಹೋಯಿತು ಎಂದುಕೊಂಡು ಮತ್ತೊಮ್ಮೆ ಕೀಲಿ ತಿರುಗಿಸಿದ. ಕರ್ರ್ ಎಂದು ಕಬ್ಬಿಣ ಕಬ್ಬಿಣಕ್ಕೆ ಉಜ್ಜಿದ ಕೂಗಿಗೆ ಬೇಲಿಯ ಮೇಲಿನ ಕಾಗೆ ಹಾರಿಹೋಯಿತು.

"ಅಯ್ಯೋ, ಆಗಲೇ ಶುರುವಾಗಿದೆ ಮಾರಾಯ್ರೆ!" ಮೆಕ್ಯಾನಿಕ್ ಬಾನೆಟ್ ಮೇಲೆ ಕೈಯಿಟ್ಟು ನಕ್ಕ. "ಇನ್ನೆಷ್ಟು ಸಲ ಶುರು ಮಾಡ್ತೀರಿ?"

ಗುಡುಗಣ್ಣ ಕಿಟಕಿಯಿಂದ ಕಿವಿ ಹೊರಗೆ ಹಾಕಿದ. ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಎಂಜಿನ್ ಸಣ್ಣಗೆ ಗುರುಗುಡುತ್ತಿತ್ತು. ಅವನು ಉಸಿರು ಬಿಟ್ಟ. ಆ ಉಸಿರು ಎಂಜಿನ್ನಿಗಿಂತ ಜೋರಾಗಿ ಕೇಳಿಸಿತು.

"ಸಾಕಿದೋನಿಗೇ ಸದ್ದು ಕೇಳಿಸದ ಗಾಡಿ," ಎಂದರು ಮಾವ ಹಿಂದಿನಿಂದ. "ಅಳಿಯಂದ್ರೇ, ಇದನ್ನ ಬಿಡ್ಬೇಡಿ."

ಅವರು ಚೌಕಾಸಿ ಮಾಡಲಿಲ್ಲವೆಂದಲ್ಲ. ಮಾಡಿದರು, ಮರ್ಯಾದೆಯಾಗಿ ಮಾಡಿದರು. ಹಾಗಿದ್ದೂ ಗಂಟು ತುಂಬಿತು. ಅಂದೇ ಯಜಮಾನರ ಕೈಗೆ ಮುಂಗಡ ಹೋಯಿತು, ಶೆಡ್ಡಿನ ಕೀಲಿ ಗುಡುಗಣ್ಣನ ಸೊಂಟಕ್ಕೆ ಬಂತು. ಟೈರಿನವನು ಟೇಪು ಸುತ್ತಿಕೊಂಡು ಬೇರೆ ಗೋಡೆ ಹುಡುಕಿ ಹೋದ.

ಮಾರನೆಯ ಬೆಳಿಗ್ಗೆ ಬೀದಿಗೆ ಬೀದಿಯೇ ಹೊತ್ತೇರುವವರೆಗೆ ಮಲಗಿತ್ತು. ಗುಡುಗಣ್ಣ ಹೊರಗೆ ಬಂದರೆ ಎದುರುಮನೆಯಾಕೆ ಕೂದಲು ಕಟ್ಟಿಕೊಳ್ಳುತ್ತಾ ಓಡುತ್ತಿದ್ದಳು.

"ಏನಣ್ಣಾ, ಹೇಳದೆ ಕೇಳದೆ ಕಾರು ಮಾರಿಬಿಡೋದಾ? ನನಗೆ ಬಸ್ಸು ತಪ್ಪಿತು!"

ಅವನು ನಕ್ಕು ಒಳಗೆ ತಿರುಗಿ ನೋಡಿದ. ನಡುಮನೆಯಲ್ಲಿ ಅಮ್ಮ ರೇಸಿನ ಸೀಟಿನಲ್ಲಿ ಕೂತು, ಸೊಸೆಯ ಕೈಯಲ್ಲಿ ಎರಡೂ ಹೆಗಲಿನ ಬೆಲ್ಟು ಬಿಗಿಸಿಕೊಳ್ಳುತ್ತಿದ್ದಳು. ಸೀಟು ಕೊಳ್ಳಲು ಬಂದವನು ಜೋಡಿ ಬೇಕೇ ಬೇಕೆಂದು ಎಷ್ಟು ಹಟ ಮಾಡಿದರೂ ಒಂಟಿ ಸೀಟು ಹೊತ್ತುಕೊಂಡು ಹೋಗಬೇಕಾಗಿತ್ತು.

"ನಿಂತು ಏನು ನೋಡ್ತೀಯ?" ಎಂದಳು ಅಮ್ಮ. "ಈಗ ಯಜಮಾನ ನೀನು, ಹೊತ್ತಿಗೆ ಮುಂಚೆ ಬಾಗಿಲು ತೆಗೀಬೇಕು. ನಡೆದೇ ಹೋಗು, ಗಾಡಿ ನನ್ನ ಹತ್ರ ಇದೆ."