ಭಾವನ ಬೆಳಗಿನ ಸಂಕಲ್ಪ

ಮೊನ್ನೆ ಮಗ ಹೊಸೂರಿನಿಂದ ಒಂದು ರಬ್ಬರ್ ಮಳೆಕೋಟು ತಂದ. ಕಟ್ಟು ಬಿಚ್ಚಿದ್ದೇ ತಡ, ಆ ವಾಸನೆ ಮೂಗಿಗೆ ಬಡಿದು ನಾನು ಅಲ್ಲೇ ಕುಳಿತುಬಿಟ್ಟೆ. ಭಾವನ ಮಿಲಿಟರಿ ರಬ್ಬರ್ ಹಾಸಿಗೂ ಇದೇ ವಾಸನೆ ಇತ್ತು...

ಭಾವ ಎಂದರೆ ನನ್ನ ಅಕ್ಕನ ಗಂಡ. ಬರ್ಮಾದ ಯುದ್ಧಕ್ಕೆ ಹೋಗಿ, ಅದು ಮುಗಿದ ಮೇಲೆ ಸಾನಮಾವು ಕಾಡಿನಂಚಿನ ತಮ್ಮ ಹಳ್ಳಿಗೆ ಮರಳಿದ್ದರು. ಅಕ್ಕ ಬಸುರಿಯಾದಾಗ ಕೈಯಾಸರೆಗೆಂದು ಅಮ್ಮ ನನ್ನನ್ನು ಅಲ್ಲಿಗೆ ಕಳಿಸಿದಳು. ನಾನು ಹೋದ ಹೊಸತರಲ್ಲೇ ಒಂದು ಮಧ್ಯಾಹ್ನ, ಮಲಗಿದ್ದ ಭಾವ ನಿದ್ದೆಗಣ್ಣಿನಲ್ಲೇ ಅಕ್ಕನ ಕುತ್ತಿಗೆ ಹಿಸುಕಿದರು. ಅವಳ ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಂಡಿತ್ತು. ಆ ಬೆರಳುಗಳನ್ನು ಬಿಡಿಸಲಾಗದೆ ನಾನು ಅವರ ಮುಂಗೈಯನ್ನು ರಕ್ತ ಬರುವಂತೆ ಕಚ್ಚಿದೆ. ಎಚ್ಚರವಾದದ್ದೇ ಅವರು ಗೋಡೆಗೆ ಗುದ್ದಿ ಗುದ್ದಿ ತಮ್ಮ ಕೈಗೆಣ್ಣುಗಳ ಚರ್ಮ ಸುಲಿದುಕೊಂಡರು.

ಮರುದಿನ ಬೆಳಗ್ಗೆ ಅಂಗಳದಲ್ಲಿ ಆ ರಬ್ಬರ್ ಹಾಸು ಬಿಡಿಸಿದರು. ಮಿಲಿಟರಿ ಆಸ್ಪತ್ರೆಯಲ್ಲಿ ಪಕ್ಕದ ಮಂಚದಲ್ಲಿದ್ದ ತೆಲುಗು ಸಿಪಾಯಿಯೊಬ್ಬ ಕಲಿಸಿದ ಯೋಗವಂತೆ. ಅಂದಿನಿಂದ ದಿನವೂ ಅದೇ: ಕೈಗಳನ್ನು ಮೇಲೆತ್ತಿ, ಸೊಂಟ ಬಾಗಿಸಿ ನೆಲ ಮುಟ್ಟುವುದು. ಆಮೇಲೆ ಬೆನ್ನು ನೆಟ್ಟಗಿಟ್ಟು ಕುಳಿತು ಕಣ್ಣು ಮುಚ್ಚುವುದು, ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡುವುದು. ಹಸುವಿನ ಹಾಲು ಕರೆದು ಮುಗಿಸುವಷ್ಟು ಹೊತ್ತು, ಅಷ್ಟೇ. ಕೊನೆಗೆ ಅಂಗೈಗಳನ್ನು ತೊಡೆಯ ಮೇಲೆ ತೆರೆದಿಟ್ಟು ಗಟ್ಟಿಯಾಗಿ ಸಂಕಲ್ಪ ಹೇಳುತ್ತಿದ್ದರು:

"ಇವತ್ತು ಈ ಕೈ ಯಾರ್ ಮ್ಯಾಲೂ ಏಳಾಕಿಲ್ಲ."

"ದಿನಾ ಅದನ್ನೇ ಯಾಕ್ ಹೇಳ್ತೀರ ಭಾವ?" ಎಂದು ಕೇಳಿದ್ದೆ.

"ನಾಳೆದು ನಂಗೊತ್ತಿಲ್ಲ ಕಣಮ್ಮ. ಇವತ್ತೊಂದಿನ ತಡ್ಕಂಡ್ರೆ ಸಾಕು."

ನಾನೂ ಪಕ್ಕದಲ್ಲಿ ಕೂರತೊಡಗಿದೆ. ಅಕ್ಕನ ಕುತ್ತಿಗೆಯ ಕಪ್ಪು ಕಲೆ ಮಾಸಿತು. ಅವಳು ಮತ್ತೆ ಅವರ ಮಗ್ಗುಲಲ್ಲಿ ಮಲಗುವ ಧೈರ್ಯ ಮಾಡಿದಳು...

ಅಣ್ಣ ಯುದ್ಧದಲ್ಲಿ ಸತ್ತೇಹೋದನೆಂದುಕೊಂಡು ಭಾವನ ತಮ್ಮ ಅವರ ಪಾಲಿನ ಹೊಲವನ್ನೂ ಉಳುತ್ತಿದ್ದ. ಭಾವ ಅದನ್ನು ವಾಪಸು ಕೇಳಿದ್ದರು. ಒಂದು ಬೆಳಗ್ಗೆ, ಅವರಿನ್ನೂ ಹಾಸಿನ ಮೇಲೆ ಕಣ್ಣು ಮುಚ್ಚಿ ಕುಳಿತಿದ್ದಾಗಲೇ, ಆತ ಮಚ್ಚು ಹಿಡಿದು ನುಗ್ಗಿದ.

"ಸತ್ತೋನು ಸತ್ತಂಗಿರದು ಬುಟ್ಟು ಹೊಲ ಕೇಳ್ತೀಯೇನ್ಲಾ?"

ಮೊದಲ ಏಟಿಗೇ ಭಾವನ ಹೆಗಲು ಸೀಳಿತು. ಎರಡನೆಯದು ಬೀಳುವ ಮೊದಲೇ ಅವರು ಎದ್ದು ಅವನ ಮಣಿಕಟ್ಟು ತಿರುಚಿದ್ದರು. ಆತ ಅಂಗಾತ ಬಿದ್ದ. ಭಾವನ ಮಂಡಿ ಅವನ ಎದೆಯ ಮೇಲೆ, ಮಚ್ಚು ಭಾವನ ಕೈಯಲ್ಲಿ. ಆ ಕೈ ಮೇಲೆದ್ದಿತು.

"ಕೊಂದಾಕ್ಬುಡಿ! ಬುಡ್ಬೇಡಿ ಅವ್ನ!" ಬಾಗಿಲಲ್ಲಿ ನಿಂತಿದ್ದ ಅಕ್ಕ ಕಿರುಚಿದಳು.

ಎತ್ತಿದ ಕೈ ಅಲ್ಲೇ ನಿಂತಿತು. ಭಾವನ ತುಟಿ ಅಲುಗಿತು... ಮಚ್ಚನ್ನು ಬೇಲಿಯಾಚೆ ಎಸೆದು, "ಮನೀಗೋಗ್ಲಾ" ಎಂದು, ತಮ್ಮನಿಗೆ ಬೆನ್ನು ಮಾಡಿ ನಮ್ಮ ಕಡೆ ನಡೆದು ಬಂದರು. ಮುಖದಲ್ಲಿ ನಗುವಿನಂಥದ್ದೇನೋ ಇತ್ತು. ಅವರ ಹಿಂದೆ ಆತ ಎದ್ದು ಗೋಡೆಗೊರಗಿಸಿದ್ದ ಹಾರೆ ಎತ್ತಿಕೊಂಡ. ನಾನು ಬಾಯಿ ತೆರೆಯುವಷ್ಟರಲ್ಲಿ ಅದು ಭಾವನ ತಲೆಯ ಹಿಂಭಾಗಕ್ಕೆ ಬಿದ್ದಿತ್ತು. ರಕ್ತ ಸಿಡಿದು ಅಕ್ಕನ ಸೆರಗೆಲ್ಲ ತೊಯ್ದಿತು.

ಅಕ್ಕ ಅಳಲಿಲ್ಲ. ಆ ತುಂಬು ಬಸುರಿ ಒನಕೆ ಹಿಡಿದು ಅವನ ಹಿಂದೆ ಓಡಿ, ಹೊಲದ ಬದುವಿನ ಮೇಲೆ ಕೆಡವಿ ಅವನ ಕಾಲು ಮುರಿದಳು. ಊರವರು ಬಿಡಿಸದಿದ್ದರೆ ಕೊಂದೇಬಿಡುತ್ತಿದ್ದಳು. ಪೊಲೀಸರು ಅವನನ್ನು ಎತ್ತಿನಗಾಡಿಯಲ್ಲಿ ಹೇರಿಕೊಂಡು ಹೋದರು. ಹೊತ್ತು ಮುಳುಗುವ ಮೊದಲೇ ಭಾವ ನನ್ನ ಮಡಿಲಲ್ಲಿ ಪ್ರಾಣ ಬಿಟ್ಟರು.

ಅಕ್ಕನ ಮಗಳು ಹುಟ್ಟಿದಳು, ಬೆಳೆದಳು, ಗಂಡನ ಮನೆ ಸೇರಿದಳು. ಭಾವ ಅಂದು ಮಚ್ಚು ಎಸೆದದ್ದು ಸರಿಯೋ ತಪ್ಪೋ ಎಂಬ ಜಗಳ ಮಾತ್ರ ಅಕ್ಕನಿಗೂ ನನಗೂ ಮುಗಿಯಲಿಲ್ಲ.

"ನಿನ್ ಭಾವ ಮಾತು ಉಳಿಸ್ಕಂಡ್ರು, ನನ್ನ ಉಳಿಸ್ಲಿಲ್ಲ" ಎನ್ನುತ್ತಿದ್ದಳು.

"ಆ ಕೈ ಅವತ್ತು ಅವ್ನ ಕೊಂದಿದ್ರೆ, ಮತ್ತೆ ನಿನ್ ಕುತ್ಗೇಗೇ ಬತ್ತಿತ್ತು ಕಣಕ್ಕ" ಎನ್ನುತ್ತಿದ್ದೆ ನಾನು.

ಅದಕ್ಕವಳು, "ಬಂದ್ರೆ ಬತ್ತಿತ್ತು. ಜೊತೇಲಾದ್ರೂ ಇರ್ತಿದ್ರು" ಎನ್ನುತ್ತಿದ್ದಳು.

ಅಕ್ಕ ಹೋಗಿ ವರ್ಷ ತುಂಬಿತು. ಈಗೀಗ ನನಗೆ ಅವಳ ಮಾತೇ ಸರಿಯೆನಿಸುತ್ತದೆ... ಹಾಗೆಂದು ಹೇಳೋಣವೆಂದರೆ ಅವಳಿಲ್ಲ.