ತುಕ್ಕಿಗೆ ಹಗೆಯಾದ ಅಳಿಯ

ಅಳಿಯನನ್ನು ಅತ್ತೆ ಮೊದಲು ನೋಡಿದ್ದು ಒಂದು ಭಾನುವಾರ ಮಧ್ಯಾಹ್ನ, ತಮ್ಮ ಮನೆಯ ಮುಂಗೋಣೆಯಲ್ಲಿ. ಅದೇ ಅವರ ಹೊಲಿಗೆ ಅಂಗಡಿ ಕೂಡ. ಮಗಳು "ಇವರು ನಮ್ಮ ಬಸ್ ಟಿಕೆಟ್ ಆಫೀಸಲ್ಲಿ ಗುಮಾಸ್ತರು" ಎಂದು ಪರಿಚಯ ಮಾಡಿಸುವಾಗ ಅವಳ ಕಿವಿ ಕೆಂಪಾಯಿತು. ಉಳಿದದ್ದನ್ನು ಅತ್ತೆ ತಾವೇ ಅರ್ಥ ಮಾಡಿಕೊಂಡರು. ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ, ಎಣ್ಣೆ ಹಾಕಿ ಬಾಚಿದ ಕೂದಲು, ಜೇಬಿನಲ್ಲಿ ಪೆನ್ನಿನ ಪಕ್ಕ ಇನ್ನೊಂದು ಕಡ್ಡಿ. ಕಿಟಕಿ ಪಕ್ಕದ ಕುರ್ಚಿಯ ತುದಿಯಲ್ಲಿ ಕುಳಿತ. ಚಹಾ ಬಂತು, ಅವನ ಕೈಯಲ್ಲೇ ಆರಿತು. ಹುಡುಗಿಯನ್ನು ನೋಡಲಿಲ್ಲ, ಅತ್ತೆಯನ್ನೂ ನೋಡಲಿಲ್ಲ. ಕಣ್ಣು ಕಿಟಕಿಯಲ್ಲೇ ನೆಟ್ಟಿತ್ತು.

"ಅಮ್ಮಾ, ಈ ಕಿಟಕಿ ಹಾಕ್ಸಿ ಎಷ್ಟು ವರ್ಷ ಆಯ್ತು?"

ಮುಂದಿನ ಪ್ರಶ್ನೆ ಮನೆ ಯಾರ ಹೆಸರಲ್ಲಿದೆ ಎಂದೇ ಇರುತ್ತದೆಂದು ಅತ್ತೆ ಬೆನ್ನು ನೆಟ್ಟಗೆ ಮಾಡಿ ಕುಳಿತರು. ಪ್ರಶ್ನೆ ಬರಲಿಲ್ಲ, ಜೇಬಿನ ಕಡ್ಡಿ ಹೊರಬಂತು. ಅದೊಂದು ಸ್ಕ್ರೂಡ್ರೈವರ್. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕಿಟಕಿಯ ಕೀಲಿನಿಂದ ತುಕ್ಕು ಹಿಡಿದ ಒಂದು ಸ್ಕ್ರೂ ಬಿಚ್ಚಿ, ಹಕ್ಕಿಮರಿಯನ್ನು ಸುತ್ತುವ ಹಾಗೆ ಕರವಸ್ತ್ರದಲ್ಲಿ ಸುತ್ತಿಕೊಂಡ.

"ಮುಂದಿನ ವಾರ ತಂದುಕೊಡ್ತೀನಿ."

ಆ ವಾರವೆಲ್ಲ ಕಿಟಕಿ ಕುಂಟಿತು. ಮುಂದಿನ ಭಾನುವಾರ ಸ್ಕ್ರೂ ಬೆಳ್ಳಿಯಂತೆ ಹೊಳೆಯುತ್ತ ವಾಪಸು ಬಂತು. ಕಪ್ಪಾದ ಕೀಲಿನಲ್ಲಿ ಅದು ಮುದುಕನ ಬಾಯಿಯ ಒಂಟಿ ಚಿನ್ನದ ಹಲ್ಲಿನಂತೆ ಕಂಡಿತು. "ಕುಡಿಯಲ್ಲ, ಸೇದಲ್ಲ, ಸ್ಕ್ರೂ ಉಜ್ಜುತ್ತಾನೆ, ಅಷ್ಟೇ ತಾನೆ" ಎಂದು ಅತ್ತೆ ಮದುವೆಗೆ ಒಪ್ಪಿದರು.

ಅಷ್ಟೇ ಆಗಿರಲಿಲ್ಲ ಎಂಬುದು ಅವನು ಮನೆಯಳಿಯನಾಗಿ ಬಂದ ಮೇಲೆ ತಿಳಿಯಿತು. ಉಪ್ಪಿನ ಡಬ್ಬಿ ತೆರೆದರೆ ನಟ್ಟು, ಸಕ್ಕರೆ ಡಬ್ಬಿ ತೆರೆದರೆ ಬೋಲ್ಟು. ಅಡುಗೆಮನೆಯ ಕಿಟಕಿಯಲ್ಲಿ ಸಾಲು ಗಾಜಿನ ಭರಣಿಗಳು. ಒಳಗೆ ವಿನೆಗರ್, ತಳದಲ್ಲಿ ನೆನೆಯುವ ಸ್ಕ್ರೂಗಳು. ನೆಂದದ್ದನ್ನು ತಂತಿಯ ಬ್ರಷ್ಷಿನಿಂದ ತಿಕ್ಕಿ, ಸೋಡಾ ನೀರಲ್ಲಿ ತೊಳೆದು, ಮರದ ಪುಡಿ ತುಂಬಿದ ಡಬ್ಬಿಗೆ ಹಾಕಿ, ಊಟ ಮಾಡುತ್ತಲೇ ಮೇಜಿನ ಕೆಳಗೆ ಕಾಲಿನಿಂದ ಉರುಳಿಸುತ್ತಿದ್ದ. ಗಡಗಡ ಸದ್ದಿಗೆ ಪಕ್ಕದ ಮನೆಯವರು ಮೊದಲು ಜಗಳವೆಂದುಕೊಂಡರು, ಆಮೇಲೆ ಅವನಿಗೆ ಫಳಫಳ ಎಂದು ಹೆಸರಿಟ್ಟರು. ಹೊಳೆಯಿಸಿದ್ದನ್ನು ಎಲ್ಲಿಗೆ ಹಾಕಬೇಕು ಎಂಬ ಚಿಂತೆ ಮಾತ್ರ ಅವನಿಗೆ ಎಂದೂ ಇರಲಿಲ್ಲ.

ಶಾಲೆ ಶುರುವಾಗುವ ಮೊದಲಿನ ವಾರ ಅತ್ತೆಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಇಡೀ ಶಾಲೆಯ ಸಮವಸ್ತ್ರ ಅವರದೇ. ಹೇಳಿದ ದಿನಕ್ಕೆ ಕೊಡದಿದ್ದರೆ ಆ ಕೆಲಸ ಎದುರುಬೀದಿಯ ಟೈಲರಿಗೆ ಹೋಗುತ್ತದೆ. ಅದು ಹಿಂದೆ ಅವನದೇ ಆಗಿತ್ತು, ಅತ್ತೆ ಕಿತ್ತುಕೊಂಡಿದ್ದರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಆ ವಾರವೇ ಅತ್ತೆ ಗುಂಡಿ ತರಲು ಪೇಟೆಗೆ ಹೋಗಿ ಬಂದಾಗ ಹೊಲಿಗೆ ಯಂತ್ರ ತರಿದಿಟ್ಟ ಕೋಳಿಯಂತೆ ಬಿಚ್ಚಿಕೊಂಡು ಬಿದ್ದಿತ್ತು. ತಟ್ಟೆಯ ತುಂಬ ಹೊಳೆಯುವ ಸ್ಕ್ರೂ.

"ಅತ್ತೆ, ನಿಮಗೆ ಹೇಳದೇ ಮಾಡಿದೆ. ಹೇಗಿದೆ?"

ಅತ್ತೆ ಗುಂಡಿಯ ಚೀಲ ಕೆಳಗಿಟ್ಟು ತಟ್ಟೆಯಲ್ಲಿ ಕೈಯಾಡಿಸಿದರು. ಅವರು ಆ ಸ್ಕ್ರೂಗಳನ್ನು ಗುರುತು ಹಿಡಿಯುತ್ತಿದ್ದುದೇ ತುಕ್ಕಿನಿಂದ. ಅರ್ಧ ಕೆಂಪಾದದ್ದು ಸೂಜಿಯ ಕೆಳಗಿನ ತಗಡಿಗೆ, ಮೀಸೆಯಂಥ ಕಲೆಯಿದ್ದದ್ದು ಕೆಳಗಿನ ದಾರ ಸುತ್ತಿದ ಬಾಬಿನ್ ಪಕ್ಕಕ್ಕೆ. ಈಗ ಎಲ್ಲವೂ ಒಂದೇ ತಾಯಿಯ ಮಕ್ಕಳು.

"ಅಳಿಯಂದ್ರೇ, ಯಾವುದು ಎಲ್ಲಿದ್ದು?"

"ಎಲ್ಲಾ ಸ್ಕ್ರೂನೇ ಅಲ್ವಾ ಅತ್ತೆ?"

ಅಲ್ಲ ಎಂದು ಯಂತ್ರವೇ ಹೇಳಿತು. ತಗಡಿಗೆ ಕೂದಲೆಳೆಯಷ್ಟು ಹೆಚ್ಚು ಉದ್ದದ ಸ್ಕ್ರೂ ಬಿದ್ದು, ಬಟ್ಟೆ ತಳ್ಳುವ ಹಲ್ಲು ಅದಕ್ಕೆ ತಾಗಿ ಕಟಕಟ ಎಂದು ನಿಂತಿತು. ಬಿಚ್ಚಿದರು, ಬದಲಿಸಿದರು, ಮತ್ತೆ ನಿಂತಿತು. ಅಳಿಯ ಆಫೀಸಿಗೆ ರಜೆ ಹಾಕಿ ಕುಳಿತ. ಅದರಿಂದ ಕೆಲಸ ಇನ್ನೂ ನಿಧಾನವಾಯಿತು.

ಅಂಥದ್ದೇ ಯಂತ್ರ ಬೀದಿಯಲ್ಲಿ ಇನ್ನೊಂದೇ ಇತ್ತು, ಎದುರಿನ ಟೈಲರನದು. ಅತ್ತೆ ಮಾನವನ್ನು ಮನೆಯಲ್ಲಿಟ್ಟು, ಸ್ಕ್ರೂಗಳನ್ನು ತಟ್ಟೆಯಲ್ಲಿಟ್ಟುಕೊಂಡು ಬೀದಿ ದಾಟಿದರು. ಹಿಂದೆ ಅಳಿಯ.

"ಏನಕ್ಕಾ, ಮಿಷನ್ನಿಗೆ ಮೇಕಪ್ ಮಾಡಿಸಿದ್ರಂತೆ?" ಎಂದ ಟೈಲರ್, ಕತ್ತರಿಯಿಂದ ಕಣ್ಣೆತ್ತದೆ.

"ನನ್ನ ಅಳಿಯ ದೇವರಂಥವನಪ್ಪ. ಕೈಯಿಟ್ಟಿದ್ದೆಲ್ಲಾ ಚಿನ್ನ ಆಗಲ್ಲ, ಕಲ್ಲಾಗಿಬಿಡುತ್ತೆ. ನಿನ್ನ ಮಿಷನ್ ಒಂದ್ಸಲ ಬಿಚ್ಚಿ ತೋರಿಸು, ನೋಡ್ಕೊಂಡು ಹೋಗ್ತೀನಿ."

"ತೋರಿಸ್ತೀನಿ. ಶಾಲೆ ಶರ್ಟಲ್ಲಿ ಅರ್ಧದಷ್ಟು ನಂಗೆ ಹೊಲಿಯೋಕೆ ಕೊಡಿ. ಈ ವರ್ಷ ಮಾತ್ರ ಅಲ್ಲ, ಪ್ರತಿ ವರ್ಷ. ಮತ್ತೆ ನಿಮ್ಮ ಅಳಿಯಂದ್ರು ನನ್ನ ಹೊಸ್ತಿಲು ದಾಟಬಾರದು."

ಅತ್ತೆ ತಟ್ಟೆಯನ್ನು ಅವನ ಮೇಜಿನ ಮೇಲಿಟ್ಟರು. ಪೂರ್ತಿ ಹೋಗುವುದಕ್ಕಿಂತ ಅರ್ಧ ಹೋಗುವುದೇ ಮೇಲು. "ಆಗಲಿ" ಎಂದರು. ಟೈಲರ್ ಒಂದು ಸ್ಕ್ರೂ ಬಿಚ್ಚುವುದು, ಅತ್ತೆ ತಟ್ಟೆಯಲ್ಲಿ ಅದರ ಜೋಡಿ ಹುಡುಕಿ ಕಾಗದಕ್ಕೆ ಚುಚ್ಚಿ ಜಾಗದ ಹೆಸರು ಬರೆಯುವುದು, ಹೀಗೆ ಸಾಗಿತು. ಹೊಸ್ತಿಲಾಚೆ ಅಳಿಯ ಕತ್ತು ಉದ್ದ ಮಾಡಿ ನಿಂತಿದ್ದ.

"ಅಣ್ಣಾ, ಅದಕ್ಕೆ ತುಕ್ಕು ಶುರುವಾಗಿದೆ. ಒಂದೇ ಒಂದು ರಾತ್ರಿ ವಿನೆಗರಲ್ಲಿ..."

"ಬಾಯಿ ಮುಚ್ಚು!" ಎಂದರು ಇಬ್ಬರೂ ಒಟ್ಟಿಗೆ. ಅಷ್ಟು ವರ್ಷಗಳಲ್ಲಿ ಅವರಿಬ್ಬರಿಗೆ ಒಮ್ಮತವಾದ ಮೊದಲ ಮಾತು ಅದು. ಅದು ಹೊರಬಿದ್ದ ಮೇಲೆ ಟೈಲರಿಗೆ ನಗು ಬಂತು, ಅತ್ತೆಗೂ ತಡೆಯಲಾಗಲಿಲ್ಲ.

ಶಾಲೆ ಶುರುವಾದ ದಿನ ಮಕ್ಕಳೆಲ್ಲರ ಮೈಮೇಲೆ ಹೊಸ ಶರ್ಟಿತ್ತು. ಅರ್ಧದಷ್ಟು ಕಾಲರುಗಳ ಒಳಗೆ ಎದುರುಬೀದಿಯ ಅಂಗಡಿಯ ಹೆಸರಿತ್ತು. ಅಂಥ ಮಗು ಎದುರಾದಾಗಲೆಲ್ಲ ಅತ್ತೆ ಅಳಿಯನ ಕಡೆ ಒಂದು ನೋಟ ಬೀರುತ್ತಾರೆ. ಅವನು ಮಾತ್ರ ಮಗುವಿನ ಬೆಲ್ಟಿನ ಬಕ್ಕಲ್ ನೋಡುತ್ತಿರುತ್ತಾನೆ.

ಅವನು ಈಗಲೂ ಟಿಕೆಟ್ ಆಫೀಸಿನ ಗುಮಾಸ್ತನೇ. ಟೈಲರ್ ಈಗ ಹೊಸ್ತಿಲಿನ ಷರತ್ತು ಬಿಟ್ಟಿದ್ದಾನೆ, ಭಾನುವಾರಗಳಲ್ಲಿ ಅಳಿಯ ಎರಡೂ ಅಂಗಡಿಗಳ ಯಂತ್ರಗಳ ಸ್ಕ್ರೂ ಹೊಳೆಯಿಸುತ್ತಾನೆ. ಅತ್ತೆ ಎದುರಿಗೆ ಕುಳಿತಿರುತ್ತಾರೆ. ಒಂದನ್ನು ಬಿಚ್ಚಿ, ಉಜ್ಜಿ, ಎಣ್ಣೆ ಸವರಿ, ಅದೇ ತೂತಿಗೆ ತಿರುಗಿಸಿದ ಮೇಲೆಯೇ ಇನ್ನೊಂದನ್ನು ಮುಟ್ಟುತ್ತಾನೆ.